ಟ್ರೇಲರ್ ಎಳೆಯಲು ಹಳೆಯ ಡೀಸೆಲ್ ಪಿಕಪ್ ಕೊಟ್ಟು ಹೊಸದು ತಗೊಳ್ಳಬೇಕಾ?

ಅಮೆರಿಕದಲ್ಲಿ ದೊಡ್ಡ ಟ್ರೇಲರ್ ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ಓಡಾಡುವವರಾದರೆ, ಹೌದು, ತಗೊಳ್ಳಿ. ಮುಖ್ಯ ಕಾರಣ ಏರು ಅಲ್ಲ, ಇಳಿಜಾರು.

ಎಲ್ಲರೂ ಮೊದಲು ನೋಡುವುದು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. 2003ರ ಫೋರ್ಡ್ 7.3 ಲೀಟರ್ ಡೀಸೆಲ್‌ನಲ್ಲಿ ಅದು 525 ಪೌಂಡ್-ಅಡಿ ಆಸುಪಾಸು. 2023ರ 6.7 ಲೀಟರ್ ಹೈ ಔಟ್‌ಪುಟ್‌ನಲ್ಲಿ 1,200. ಆದರೂ ಹಳೆಯ ಗಾಡಿ ನಿಧಾನವಾಗಿಯಾದರೂ ಬೆಟ್ಟ ಹತ್ತುತ್ತದೆ. ಇಳಿಯುವಾಗಲೇ ಕಷ್ಟ.

ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಳಿಯ ದಾರಿ ಮುಚ್ಚಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್‌ನಲ್ಲಿ ಆ ಹಿಡಿತ ತೀರಾ ಕಡಿಮೆ. ಪೂರ್ತಿ ಭಾರ ಬ್ರೇಕ್ ಮೇಲೇ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೇ ಹೋಗಬಹುದು. ಹೊಸ ಗಾಡಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಕಂಪನಿಯಿಂದಲೇ ಬರುತ್ತದೆ. ಗುಂಡಿ ಒತ್ತಿದರೆ ಟರ್ಬೋದೊಳಗಿನ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ರೆಕ್ಕೆಗಳು ಹೊಗೆಯ ದಾರಿಯನ್ನು ಕಿರಿದು ಮಾಡುತ್ತವೆ. ಪಿಸ್ಟನ್ ಆ ಒತ್ತಡದ ವಿರುದ್ಧ ತಳ್ಳಬೇಕಾಗಿ ಚಕ್ರ ನಿಧಾನವಾಗುತ್ತದೆ. ಬ್ರೇಕ್ ತಣ್ಣಗಿರುತ್ತದೆ. ಕುಟುಂಬ ಕೂರಿಸಿಕೊಂಡು ಹೋಗುವಾಗ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ಕೊಳ್ಳುವ ಮುಂಚೆ ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್ ಓದಿ. ಜನ, ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಅಂತ ಅಲ್ಲಿರುತ್ತದೆ. 12,000 ಪೌಂಡಿನ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ಪಿನ ತೊಟ್ಟಿಯೊಳಗೆ ಕೊಂಡಿ ಹಾಕುವ ಬಗೆ) ಸುಮಾರು 2,400 ಪೌಂಡನ್ನು ಗಾಡಿಯ ಬೆನ್ನಿಗೇ ಹಾಕುತ್ತದೆ. ಡೀಸೆಲ್ ಎಂಜಿನ್ನೇ ಭಾರ, ಹಾಗಾಗಿ 2500 ಅನ್ನುವ ದರ್ಜೆಯ (ಇದು ಪೌಂಡ್ ಲೆಕ್ಕ ಅಲ್ಲ, ಮಾಡೆಲ್ ಹೆಸರು) ಎಷ್ಟೋ ಗಾಡಿಗಳು ಇಲ್ಲೇ ಸೋಲುತ್ತವೆ. ಆಗ ಇನ್ನೂ ಹೆಚ್ಚು ಭಾರ ಹೊರುವ 3500 ದರ್ಜೆ ನೋಡಿ.

ವರ್ಷಕ್ಕೊಮ್ಮೆ ಮಾತ್ರ ಎಳೆಯುವುದಾದರೆ ಸುಮ್ನೆ ದುಡ್ಡು ಸುರಿಯಬೇಡಿ. ಬರೀ ಊರೊಳಗಿನ ಚಿಕ್ಕ ಓಡಾಟದಲ್ಲಿ ಹೊಸ ಡೀಸೆಲ್‌ಗಳ ಮಸಿ ಹಿಡಿಯುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.