ನಿದ್ದೆಯಲ್ಲೂ ಬ್ರೇಕ್ ಒತ್ತುವ ಗಂಡ

ಪ್ರಶ್ನೆ: ನನ್ನ ಗಂಡ 19 ವರ್ಷದಿಂದ ಬಸ್ ಡ್ರೈವರ್. ಎಂಟು ತಿಂಗಳ ಹಿಂದೆ ರಾತ್ರಿ ಡ್ಯೂಟಿಯಲ್ಲಿ, ದೀಪವಿಲ್ಲದೆ ನಿಂತಿದ್ದ ಟ್ರೈಲರ್‌ಗೆ ಬಸ್ ಗುದ್ದಿತು. ಪ್ರಯಾಣಿಕರಿಗೆ ಸಣ್ಣಪುಟ್ಟ ಗಾಯ. ಇವರ ಬಲಗಾಲು ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕಿಕೊಂಡಿತು, ಬಿಡಿಸಲು ಒಂದೂವರೆ ಗಂಟೆ ಹಿಡಿಯಿತು. ತೊಡೆಮೂಳೆಗೆ ರಾಡ್ ಹಾಕಿದ್ದಾರೆ. ಈಗ ಫಿಟ್ ಅಂತ ಸರ್ಟಿಫಿಕೇಟ್ ಸಿಕ್ಕಿದೆ, ಮುಂದಿನ ವಾರ ಡ್ಯೂಟಿ. ಆದರೆ ನಿದ್ದೆಯಲ್ಲಿ ಬ್ರೇಕ್ ಒತ್ತುವ ಹಾಗೆ ಕಾಲು ಒದೆಯುತ್ತಾರೆ. ರಸ್ತೆಯಲ್ಲಿ ದೊಡ್ಡ ಲಾರಿ ಎದುರಾದರೆ ಬೆವರುತ್ತಾರೆ. ‘ಯಾರಿಗೂ ಹೇಳ್ಬೇಡ, ಸ್ಟೇರಿಂಗ್ ಕಿತ್ಕೊಳ್ತಾರೆ’ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಡಿಪೋಗೆ ಹೇಳಲೇ, ಬೇಡವೇ?

ಉತ್ತರ: ಎಂಟು ತಿಂಗಳು ಈ ಗುಟ್ಟನ್ನು ಒಬ್ಬರೇ ಹೊತ್ತಿದ್ದೀರಿ. ನೇರವಾಗಿಯೇ ಹೇಳುತ್ತೇನೆ. ಮುಂದಿನ ವಾರ ಅವರು ಸ್ಟೇರಿಂಗ್ ಹಿಡಿಯಬಾರದು. ಹಾಗಂತ ನೀವು ಹೋಗಬೇಕಾದ್ದು ಡಿಪೋಗೆ ಅಲ್ಲ. ಅವರನ್ನೂ ಕರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಅವರು ಪುಕ್ಕಲರಲ್ಲ. ಮುಂಭಾಗ ಚಪ್ಪಟೆಯಾಗಿರುವ ಬಸ್ಸಿನಲ್ಲಿ ಡ್ರೈವರ್ ಮುಂದಿನ ಚಕ್ರಕ್ಕಿಂತ ಮುಂದೆ ಕೂತಿರುತ್ತಾರೆ. ಕಾರಿಗಾದರೆ ಬಾನೆಟ್ ಇದೆ, ಅದು ನಜ್ಜುಗುಜ್ಜಾಗಿ ಪೆಟ್ಟನ್ನು ಅಷ್ಟಿಷ್ಟು ತಾನೇ ತಿನ್ನುತ್ತದೆ. ಇಲ್ಲಿ ಮುಂದಿರುವುದು ಗಾಜು, ತಗಡು, ಸ್ಟೇರಿಂಗ್. ಟ್ರೈಲರ್‌ನ ಹಿಂಭಾಗ ಎತ್ತರವಾಗಿದ್ದರೆ ಬಸ್ಸಿನ ಗಟ್ಟಿ ಚಾಸಿಗೆ ತಾಗದೆ, ಅದಕ್ಕೂ ಮೇಲೆ ಡ್ರೈವರ್ ಕೂತ ಕಡೆಗೇ ನುಗ್ಗುತ್ತದೆ. ಹಿಂದಿದ್ದವರು ಎದ್ದು ನಡೆದುಬಂದ ಅಪಘಾತದಲ್ಲೂ ಡ್ರೈವರ್‌ನ ತೊಡೆ, ಮಂಡಿ, ಪಾದ ಜಜ್ಜಿಹೋಗುವುದು ಇದಕ್ಕೇ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 66ನೆಯದು, ಬಸ್ ಮಗುಚಿದಾಗ ಒಳಗಿನವರ ಜಾಗ ಉಳಿಯಬೇಕು ಅನ್ನುತ್ತದೆ. 29ನೆಯದು ಡಿಕ್ಕಿಯಾದಾಗ ಲಾರಿ ಕ್ಯಾಬಿನ್ ಎಷ್ಟು ತಾಳಬೇಕು ಅನ್ನುತ್ತದೆ. ಬಸ್ ಡ್ರೈವರ್‌ನ ಜಾಗ ಆ 29ರಲ್ಲಿ ಸೇರಿಲ್ಲ. ನೆನೆದರೆ ನನಗೆ ಸಿಟ್ಟು ಬರುತ್ತದೆ.

ಒಂದೂವರೆ ಗಂಟೆ ಕಬ್ಬಿಣದ ನಡುವೆ ಸಿಕ್ಕಿಕೊಂಡಿದ್ದನ್ನು ಮೈ ಹೇಗೆ ಮರೆಯಬೇಕು ಹೇಳಿ? ಬೆವರು, ಕೆಟ್ಟ ಕನಸು, ಬೆಚ್ಚಿಬೀಳುವುದು ತಿಂಗಳು ದಾಟಿಯೂ ಉಳಿದರೆ ಅದು ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ. ನುರಿತ ಮನೋತಜ್ಞರ ಎದುರು ಆ ರಾತ್ರಿಯನ್ನು ಸ್ವಲ್ಪಸ್ವಲ್ಪವೇ ಬಿಡಿಸಿ ಹೇಳಿಕೊಳ್ಳುವುದು, ಹೆದರಿ ಬಿಟ್ಟ ಕಡೆಗೆ ಮೆಲ್ಲಗೆ ಮರಳುವುದು. ಕೆಲವು ತಿಂಗಳಲ್ಲಿ ತುಂಬಾ ಜನ ಚೇತರಿಸಿಕೊಳ್ಳುತ್ತಾರೆ. ನಿದ್ದೆ ಮಾತ್ರೆ ಬರೆದರೆ ‘ಇವರು ಡ್ರೈವರ್’ ಅಂತ ಮರೆಯದೆ ಹೇಳಿ. ಕೆಲವು ಮಾತ್ರೆಗಳ ಮಂಪರು ಬೆಳಿಗ್ಗೆಯೂ ಇಳಿಯುವುದಿಲ್ಲ.

ಸರ್ಟಿಫಿಕೇಟ್ ಕೊಟ್ಟವರು ಮೂಳೆ ನೋಡಿದ್ದಾರೆ. ರಾತ್ರಿ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ, ಅಲ್ವಾ? ಗಂಟೆಗೆ 60 ಕಿ.ಮೀ. ವೇಗದ ಬಸ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರು ಲಾರಿ ಕಂಡು ಅವರ ಮನಸ್ಸು ಅಷ್ಟು ಹೊತ್ತು ಆ ರಾತ್ರಿಗೆ ಹೋಗಿಬಂದರೂ ಸಾಕು. ಕಾರಣವಿಲ್ಲದೆ ಬ್ರೇಕ್ ಒತ್ತಿದರೆ ನಿಂತ ಪ್ರಯಾಣಿಕರು ಬೀಳುತ್ತಾರೆ. 19 ವರ್ಷ ಬಸ್ ಓಡಿಸಿದವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ಒಳಗೊಳಗೇ ತಿನ್ನುತ್ತಿರುವುದೂ ಇದೇ ಇರಬಹುದು.

ಕನಸು ಬಿದ್ದ ರಾತ್ರಿ ಈ ಮಾತು ಎತ್ತಬೇಡಿ. ಹಗಲಲ್ಲಿ, ಅವರು ಸಮಾಧಾನದಲ್ಲಿರುವಾಗ ಹೇಳಿ. ‘ನಾನು ಯಾರಿಗೂ ಹೇಳಿಲ್ಲ. ಡಾಕ್ಟರ್ ಹತ್ತಿರ ನೀವೇ ಹೇಳಿ, ನಾನು ಪಕ್ಕದಲ್ಲಿರ್ತೀನಿ.’ ಈ ತೊಂದರೆ ಅಪಘಾತದ ನಂತರ ಶುರುವಾಯಿತು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಲಿನ ಹಾಗೆ ಇದೂ ಡ್ಯೂಟಿಯಲ್ಲಿ ಆದ ಪೆಟ್ಟು. ರಜೆಗೆ, ಪರಿಹಾರಕ್ಕೆ ಆ ಕಾಗದ ಬೇಕಾಗುತ್ತದೆ. ಅದನ್ನು ಹಿಡಿದು ಸದ್ಯಕ್ಕೆ ಡಿಪೋದೊಳಗಿನ ಲೈಟ್ ಡ್ಯೂಟಿ ಕೇಳಲಿ. ಮುಂದೆ ಡಾಕ್ಟರ್ ಒಪ್ಪಿದಾಗ ಮೊದಲು ಹಗಲಲ್ಲಿ, ಖಾಲಿ ಬಸ್ಸಿನಲ್ಲಿ, ಪಕ್ಕದಲ್ಲಿ ಹಿರಿಯ ಡ್ರೈವರ್ ಕೂತು ಓಡಿಸಿ ನೋಡಲಿ.

ಒಪ್ಪದಿದ್ದರೆ? ಆಗ ಆಣೆ ಮುರಿಯಿರಿ. ಭಯದಲ್ಲಿ ಹಾಕಿಸಿಕೊಂಡ ಆಣೆ ಅದು, ಅವರ ಜೀವ ಅದಕ್ಕಿಂತ ದೊಡ್ಡದು. ಆದರೆ ಬೆನ್ನ ಹಿಂದೆ ಬೇಡ. ‘ಡ್ಯೂಟಿ ದಿನದೊಳಗೆ ನೀವು ಬರದಿದ್ದರೆ ನಾನೇ ಡಾಕ್ಟರ್‌ಗೆ ಹೇಳ್ತೀನಿ’ ಎಂದು ಮೊದಲು ಅವರಿಗೇ ತಿಳಿಸಿ. ಕೆಲವು ದಿನ ಮಾತು ಬಿಟ್ಟಾರು. ತಡೆದುಕೊಳ್ಳಿ.

ನೀವು ರಾತ್ರಿ ಎಷ್ಟು ಗಂಟೆ ಮಲಗುತ್ತಿದ್ದೀರಿ ಅಂತ ಪತ್ರದಲ್ಲಿ ಬರೆದಿಲ್ಲ. ಡಾಕ್ಟರ್ ಎದುರು ಅದನ್ನೂ ಹೇಳಿ.