ಬಾಯಿಗೂ ಹನಿ, ತೋಳಿಗೂ ಸೂಜಿ: ಎರಡೂ ಯಾಕೆ?

ಪ್ರಶ್ನೆ: ನನ್ನ ಮಗುವಿಗೆ ನಾಳಿದ್ದಿಗೆ ಹತ್ತು ವಾರ. ಆರನೇ ವಾರ ಲಸಿಕೆ ಹಾಕಿಸಿದ ರಾತ್ರಿ ಜ್ವರ ಬಂತು, ತೊಡೆ ಗಟ್ಟಿಯಾಗಿ ಊದಿತ್ತು. ಪೋಲಿಯೊ ಹನಿ ಹಾಕಿದ ಮೇಲೂ ತೋಳಿಗೆ ಪೋಲಿಯೊ ಸೂಜಿ ಚುಚ್ಚಿದರು. ಎರಡೂ ಬೇಕಾ ಡಾಕ್ಟ್ರೇ? ಎದೆಹಾಲು ಕುಡಿಯುವ ಮಗು, ಈ ಸಲ ಬೇಡ ಬಿಡು ಅಂತಾರೆ ಅತ್ತೆ.
– ಒಬ್ಬ ತಾಯಿ, ಹಾಸನ

ಉತ್ತರ: ಬಿಡಬೇಡಿ ತಾಯಿ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅತ್ತೆಯವರ ಮಾತು ಅರ್ಧ ನಿಜ. ಹೊಟ್ಟೆಯಲ್ಲಿದ್ದಾಗಲೇ ನಿಮ್ಮ ರಕ್ತದಿಂದ ಮಗುವಿಗೆ ಪ್ರತಿಕಾಯಗಳು, ಅಂದರೆ ರೋಗಾಣುವನ್ನು ತಡೆಯುವ ಕಣಗಳು, ಹೋಗಿವೆ, ಎದೆಹಾಲಲ್ಲೂ ಸಿಗುತ್ತವೆ. ಆದರೆ ಅದು ನೀವು ಕಟ್ಟಿಕೊಟ್ಟ ಬುತ್ತಿ, ಕೆಲವು ತಿಂಗಳಲ್ಲಿ ಖಾಲಿಯಾಗುತ್ತದೆ. ಆಮೇಲೆ ಮಗುವಿನ ಮೈ ತಾನೇ ಬೇಯಿಸಿಕೊಳ್ಳಬೇಕಲ್ವಾ? ಅದನ್ನು ಕಲಿಸುವುದೇ ಲಸಿಕೆ.

ಹನಿಯಲ್ಲಿರುವುದು ಜೀವಂತ ವೈರಸ್, ಆದರೆ ಬಲ ಕುಂದಿಸಿದ್ದು. ಪೋಲಿಯೊ ಬಾಯಿಂದ ಒಳಹೊಕ್ಕು ಕರುಳಲ್ಲಿ ಬೆಳೆಯುವ ರೋಗ. ಹನಿಯೂ ಅದೇ ದಾರಿಯಲ್ಲಿ ಇಳಿದು ಕರುಳಿನ ಗೋಡೆಯಲ್ಲೇ ಕಾವಲು ಹಾಕುತ್ತದೆ, ಹಾಗಾಗಿ ವೈರಸ್ ಬೇರೆ ಮಕ್ಕಳಿಗೆ ಹರಡುವುದೂ ಕಡಿಮೆಯಾಗುತ್ತದೆ. ಸೂಜಿಯಲ್ಲಿರುವುದು ಸತ್ತ ವೈರಸ್. ಬಲತೋಳಿನ ಚರ್ಮದೊಳಗೆ ಬರೀ 0.1 ಮಿ.ಲೀ., ಕೊಟ್ಟ ಕೂಡಲೇ ಸಣ್ಣ ಗುಳ್ಳೆ ಏಳುತ್ತದೆ, ನೀವೂ ನೋಡಿರಬಹುದು. ಅದು ರಕ್ತದಲ್ಲಿ ಪ್ರತಿಕಾಯ ಬೆಳೆಸಿ, ವೈರಸ್ ನರಕ್ಕೆ ಹೋಗದಂತೆ ತಡೆಯುತ್ತದೆ. ಇನ್ನೊಂದು ವಿಷಯ. ಪೋಲಿಯೊ ವೈರಸ್‌ನಲ್ಲಿ ಮೂರು ಬಗೆ ಇವೆ, 2016ರ ಏಪ್ರಿಲ್‌ನಿಂದ ನಮ್ಮ ಹನಿಯಲ್ಲಿ ಎರಡನೆಯದನ್ನು ಕೈಬಿಟ್ಟಿದ್ದಾರೆ. ಸೂಜಿಯಲ್ಲಿ ಮೂರೂ ಇವೆ. ಪೋಲಿಯೊದಿಂದ ಬಲ ಕಳೆದುಕೊಂಡ ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ಬರುತ್ತಿದ್ದ ಮಕ್ಕಳನ್ನು ನೋಡಿದವಳು ನಾನು, ಎರಡೂ ಬೇಕೇ ಬೇಕು ಅನ್ನುತ್ತೇನೆ.

ತೊಡೆ ಊದಿದ್ದು ಪೆಂಟಾವೇಲೆಂಟ್ ಲಸಿಕೆಯಿಂದ ಇರಬೇಕು. ಒಂದೇ ಸೂಜಿಯಲ್ಲಿ ಐದು ರೋಗಕ್ಕೆ ತಡೆ. ಅದರಲ್ಲಿ ಧನುರ್ವಾಯು, ಡಿಫ್ತೀರಿಯಾಗಳದ್ದು ರೋಗಾಣುವೇ ಅಲ್ಲ, ರೋಗಾಣು ಬಿಡುವ ವಿಷ. ಹಲ್ಲು ಕಿತ್ತ ಹಾವಿನ ಹಾಗೆ ಅಪಾಯ ತೆಗೆದದ್ದು. ಇಂಥವು ಮೈಯಲ್ಲಿ ಬೆಳೆಯುವುದಿಲ್ಲ, ಒಂದೇ ಸಲಕ್ಕೆ ಪಾಠ ಗಟ್ಟಿಯಾಗುವುದಿಲ್ಲ, ಅದಕ್ಕೇ 6, 10, 14 ವಾರ ಅಂತ ಮೂರು ಸಲ. ಜ್ವರ ಬಂದದ್ದು ಮೈ ಆ ಪಾಠ ಕಲಿಯುತ್ತಿದ್ದಾಗ, ರೋಗ ತಗುಲಿ ಅಲ್ಲ.

ಊದಿದ ಜಾಗ ತಿಕ್ಕಬೇಡಿ, ಬಾಮ್ ಹಚ್ಚಬೇಡಿ. ಪ್ಯಾರಸಿಟಮಾಲ್ ಹನಿಯನ್ನು ಮಗುವಿನ ತೂಕ ನೋಡಿ ಲಸಿಕೆ ಹಾಕುವವರು ಹೇಳಿದಷ್ಟೇ ಹಾಕಿ, ಸುಮ್ನೆ ಜಾಸ್ತಿ ಬೇಡ. ಜ್ವರ ಎರಡು ದಿನ ದಾಟಿದರೆ, ಮೂರು ಗಂಟೆ ಬಿಡದೆ ಅತ್ತರೆ, ಫಿಟ್ಸ್ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಾಳಿದ್ದು ಪೋಲಿಯೊಗೆ ಹನಿ ಮಾತ್ರ. ತೋಳಿನ ಸೂಜಿ ಮತ್ತೆ 14ನೇ ವಾರಕ್ಕೆ. ತಾಯಿ ಕಾರ್ಡ್ ಮರೆಯಬೇಡಿ, ಹೋದ ಸಲ ತೊಡೆ ಊದಿತ್ತು ಅಂತ ಚುಚ್ಚುವ ಮೊದಲೇ ಅವರಿಗೆ ಹೇಳಿ.