ಶ್ರುತಿ ತಪ್ಪಿದ ವೈಕಿಂಗ್: ಸಂಪಾದಕರ ಉತ್ತರ

(ಸ್ವೀಡನ್ನಿನ ಬಾಥೊರಿ ಎಂಬ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡ ವೈಕಿಂಗರ, ಅಂದರೆ ಸಾವಿರ ವರ್ಷದ ಹಿಂದೆ ಹಡಗೇರಿ ಕೊಳ್ಳೆ ಹೊಡೆಯುತ್ತಿದ್ದ ಉತ್ತರ ಯೂರೋಪಿನವರ ಮೇಲೆ ಮಾಡಿದ ‘ಹ್ಯಾಮರ್‌ಹಾರ್ಟ್’ ಆಲ್ಬಂ ಕುರಿತ ನಮ್ಮ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಹಾಡುವವನಿಗೆ ಶ್ರುತಿಯೇ ಇಲ್ಲ. ವೈಕಿಂಗ್, ಜಾನಪದ ಮೆಟಲ್ ಅಂತೆಲ್ಲ ಹೇಳ್ತಾರೆ, ಒಂದು ಪಿಟೀಲೂ ಕೇಳಿಸಲಿಲ್ಲ. ಕೊಳ್ಳೆ ಹೊಡೆಯುವವರನ್ನು ಹೊಗಳೋಕೆ ಎರಡು ಪುಟ ಬೇಕಿತ್ತಾ?”)

ನಮಸ್ಕಾರ. ಬೈಯುವ ಮುಂಚೆ ಆಲ್ಬಂ ಕೇಳಿದ್ದೀರಲ್ಲ, ಅದು ದೊಡ್ಡದು.

ಶ್ರುತಿ ವಿಷಯದಲ್ಲಿ ನಿಮ್ಮ ಜೊತೆ ಜಗಳವಿಲ್ಲ. ಮೇಲಿನ ಸ್ವರಕ್ಕೆ ಹೋದಾಗ ತಂಡದ ಗಾಯಕ ಕ್ವೊರ್ಥನ್ ಗಂಟಲು ಜಾರುವುದು ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೂ ಮುಂಚಿನ ಆಲ್ಬಂಗಳಲ್ಲಿ ಆತ ಹಾಡಿದ್ದಕ್ಕಿಂತ ಕಿರುಚಿದ್ದೇ ಜಾಸ್ತಿ. ವೇಗವಾಗಿ ಬಾರಿಸುವವರೇ ತುಂಬಿದ್ದ ಕಾಲ ಅದು. 1990ರಲ್ಲಿ ಈತ ವೇಗ ಬಿಟ್ಟ, ಕಿರುಚಾಟ ಬಿಟ್ಟ, ಬಾಯಿ ತೆರೆದು ಹಾಡಿದ. ವಯಸ್ಸು ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ರೆಕಾರ್ಡ್ ಮಾಡಿದ್ದು ಸ್ಟಾಕ್‌ಹೋಮಿನ ಹೆವನ್‌ಶೋರ್ ಸ್ಟುಡಿಯೋದಲ್ಲಿ. ಹೆಸರು ಭರ್ಜರಿ, ಜಾಗ ಮಾತ್ರ ಗ್ಯಾರೇಜು. ತಂಡ ವೇದಿಕೆ ಹತ್ತುವುದನ್ನೂ ಅಷ್ಟರಲ್ಲಿ ನಿಲ್ಲಿಸಿತ್ತು. ಹಾಗಾಗಿ ಹಿಂದೆ ಕೇಳುವ ಆ ‘ಓ...’ ಎಂಬ ಮೇಳವನ್ನು ಸ್ಟುಡಿಯೋದಲ್ಲೇ ದನಿಯ ಮೇಲೆ ದನಿ ಪೇರಿಸಿ ಕಟ್ಟಿದ್ದಾರೆ. ನುರಿತ ಗಾಯಕ ಹಾಡಿದ್ದರೆ ಇದು ಒಪೆರಾ ಆಗಿಬಿಡುತ್ತಿತ್ತು. ಈಗ ಕಟ್ಟೆ ಮೇಲೆ ಕೂತ ಊರಿನವನೊಬ್ಬ ತನ್ನೂರಿನ ಕಥೆ ಹೇಳಿದಂತಿದೆ. ನನಗೆ ಅದೇ ಇಷ್ಟ.

ಪಿಟೀಲು ಬೇಕೆಂದರೆ ಇಂಗ್ಲೆಂಡಿನ ಸ್ಕೈಕ್ಲ್ಯಾಡ್ ತಂಡ ಕೇಳಿ. 1991ರ ಅವರ ಮೊದಲ ಆಲ್ಬಂನಲ್ಲೇ ಸಿಗುತ್ತದೆ. ಕುಣಿತ ಬೇಕೆಂದರೆ ಫಿನ್‌ಲ್ಯಾಂಡಿನ ಫಿನ್‌ಟ್ರೋಲ್ ಇದೆ. ತಮ್ಮ ನಾಡಿನ ಹುಂಪ್ಪ ಕುಣಿತದ ತಾಳವನ್ನು ಮೆಟಲ್‌ಗೆ ಬೆರೆಸಿದವರು. ಹ್ಯಾಮರ್‌ಹಾರ್ಟ್‌ನಲ್ಲಿ ಅಂಥದ್ದೇನೂ ಇಲ್ಲ. ಅಕೂಸ್ಟಿಕ್ ಗಿಟಾರು, ಮೇಳ, ಅಲೆಗಳ ಸದ್ದು, ಅಷ್ಟೇ.

ಇನ್ನು ಕೊಳ್ಳೆಯ ಮಾತು. ಇದನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ. ಮೊದಲ ಹಾಡು ‘ಶೋರ್ಸ್ ಇನ್ ಫ್ಲೇಮ್ಸ್’ ಹನ್ನೊಂದು ನಿಮಿಷದ್ದು. ಹಡಗು ಹೊರಡುತ್ತದೆ, ದಡ ಹೊತ್ತಿ ಉರಿಯುತ್ತದೆ. ಆ ದಡದಲ್ಲಿ ಯಾರಿದ್ದರು ಅಂತ ಹಾಡು ಕೇಳುವುದೇ ಇಲ್ಲ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಸನ್ಯಾಸಿಗಳ ಮೇಲೆ ಬಿದ್ದವರು ಇಂಥವರೇ ಅಲ್ವಾ? ಜನರನ್ನು ಹಿಡಿದು ಗುಲಾಮರಾಗಿ ಮಾರಿದವರೂ ಹೌದು. ಮುಖಪುಟ ನೋಡಿ. ಉರಿಯುವ ಹಡಗನ್ನು ಸಮುದ್ರಕ್ಕೆ ನೂಕುವ ಆ ಚಿತ್ರ ಬರೆದದ್ದು ಇಂಗ್ಲೆಂಡಿನ ಫ್ರಾಂಕ್ ಡಿಕ್ಸಿ, 1893ರಲ್ಲಿ. ಅಂದರೆ ಈ ಆಲ್ಬಂನ ವೈಕಿಂಗ್ ಒಂಬತ್ತನೇ ಶತಮಾನದವನಿಗಿಂತ ಹೆಚ್ಚಾಗಿ ಹತ್ತೊಂಬತ್ತನೇ ಶತಮಾನದವನು. ಇತಿಹಾಸ ಕಲಿಯೋಕೆ ಯಾರೂ ಇದನ್ನು ಕೇಳಬೇಕಿಲ್ಲ.

ಆದರೆ ಕೊನೆಯ ಹಾಡಿನವರೆಗೆ ಕೂತಿರಾ? ‘ಒನ್ ರೋಡ್ ಟು ಆಸಾ ಬೇ’. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಆಸಾ ಬೇ ಎಂಬ ಊರಿನ ಸುದ್ದಿ ಕೇಳಿ ನೋಡಲು ಒಬ್ಬ ಕುದುರೆಯೇರಿ ಬರುತ್ತಾನೆ. ಅಲ್ಲಿ ಹೊಸ ದೇವರ ಹೆಸರಲ್ಲಿ ಶಿಲುಬೆ ತೊಟ್ಟವನೊಬ್ಬ ಸಮುದ್ರದಾಚೆಯಿಂದ ಬಂದಿದ್ದಾನೆ. ನಾಲ್ಕು ನಾಣ್ಯಕ್ಕೆ ಒಂದು ಕಂದಾಯ. ಕೊಡದವರಿಗೆ ಚಾಟಿಯೇಟು, ಕುತ್ತಿಗೆಗೆ ಸರಪಳಿ. ಹಳೆಯ ದೇವರ ಪರ ಮಾತಾಡಿದವನ ಕಥೆ ಕತ್ತಿಯಲ್ಲಿ ಮುಗಿಯುತ್ತದೆ. ಊರಿನವರೇ ಬೆವರು ಸುರಿಸಿ ಇನ್ನೂರು ದಿನದಲ್ಲಿ ಚರ್ಚು ಕಟ್ಟುತ್ತಾರೆ. ಅದರ ಗಾತ್ರ ಎಷ್ಟು ಗೊತ್ತಾ? ಎರಡು ಹಡಗು ಒಳಗೆ ನಿಲ್ಲಬಹುದಂತೆ. ಹಡಗಿನಿಂದಲೇ ಎಲ್ಲವನ್ನೂ ಅಳೆಯುವ ಜನ! ಗುಂಪಿನಾಚೆ ಒಬ್ಬ ಮುದುಕ ಬಿಸಿಲಿಗೆ ಕೈ ಅಡ್ಡ ಹಿಡಿದು ಸಮುದ್ರ ನೋಡುತ್ತಾನೆ. ಕಟ್ಟಿಕೊಟ್ಟಾಯಿತು, ಇನ್ನಾದರೂ ನಮ್ಮ ಪಾಡಿಗೆ ಬಿಡಬಹುದು ಅಂದುಕೊಳ್ಳುತ್ತಾನೆ. ಇದಿನ್ನೂ ಶುರು ಅನ್ನುತ್ತದೆ ಕಾಗೆ.

ಬೆಂಕಿ ಹಚ್ಚಲು ಹೋದವರ ಹಾಡಿನಿಂದ ಆಲ್ಬಂ ಶುರುವಾಗುತ್ತದೆ, ಅವರದೇ ಊರಿಗೆ ಬೇರೆಯವರು ಬಂದು ಕೂತಾಗ ಮುಗಿಯುತ್ತದೆ. ಮೊದಲ ಹಾಡು ಮಾತ್ರ ಕೇಳಿದವರಿಗೆ ಹೊಗಳಿಕೆ ಅನ್ನಿಸುವುದು ಸಹಜ. ಎರಡನ್ನೂ ಕೇಳಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಎರಡು ಪುಟ ಕೊಟ್ಟದ್ದು ಅದಕ್ಕೇ.

ಸಾಧ್ಯವಾದರೆ ಸಾಹಿತ್ಯ ಮುಂದಿಟ್ಟುಕೊಂಡು ಕೊನೆಯ ಹಾಡೊಂದನ್ನೇ ಕೇಳಿ. ಫೋನಿನ ಸ್ಪೀಕರ್ ಬೇಡ, ಮೇಳ ಕಲಸಿಹೋಗುತ್ತದೆ. ಇಷ್ಟವಾದರೆ ಇದೇ ತಂಡದ 1991ರ ಆಲ್ಬಂ ‘ಟ್ವೈಲೈಟ್ ಆಫ್ ದ ಗಾಡ್ಸ್’ ಇದೆ. ಶ್ರುತಿ ಅಲ್ಲೂ ಅಷ್ಟಕ್ಕಷ್ಟೇ, ಮತ್ತೆ ನನ್ನನ್ನು ಬೈಯಬೇಡಿ.

– ಸಂಪಾದಕ